ನಿಮ್ಮ ರೇಡಿಯೋ ಕೇಂದ್ರ ಮುಚ್ಚುತ್ತಾರೆ ಎಂದು ತಿಳಿದಾಗ

ಮೊದಲು ತೀರ್ಮಾನ ಯಾರ ಕೈಯಲ್ಲಿದೆ ಎಂದು ಪತ್ತೆಹಚ್ಚಿ: ಮಾಲೀಕರದೋ, ಪರವಾನಗಿ ಕೊಡುವವರದೋ? ನಿರೂಪಕರ ಮೇಲೆ ರೇಗಬೇಡಿ, ಅವರ ಕೆಲಸಕ್ಕೇ ಕುತ್ತು ಬಂದಿದೆ. ಕಾರಣವನ್ನೂ ಕೇಳಿ. ಹಣವಿಲ್ಲ ಎಂದರೆ ಕೊಡುವ ಉತ್ತರವೇ ಬೇರೆ, ಕೇಳುಗರಿಲ್ಲ ಎಂದರೆ ಕೊಡುವುದೇ ಬೇರೆ.

ತೀರ್ಮಾನ ಮಾಡುವವರಿಗೆ ಬರೆಯುವ ಪತ್ರದ ವಿಷಯದಲ್ಲಿ ನನ್ನದು ಹಟ. ಒಂದೇ ಒಕ್ಕಣೆಗೆ ನೂರು ಜನ ಸಹಿ ಹಾಕಿದರೆ, ಓದುವವರಿಗೆ ಅದು ಒಂದೇ ಪತ್ರ. ಪ್ರತಿಯೊಬ್ಬರೂ ತಮ್ಮದನ್ನೇ ಬರೆಯಲಿ. ನಾನು ಬರೆದದ್ದು ಆಸ್ಪತ್ರೆಯ ರಾತ್ರಿ ಪಾಳಿಯ ಬಗ್ಗೆ: ವಾರ್ಡಿನಲ್ಲಿ ಮೆಲ್ಲಗೆ ಹಾಕಿಟ್ಟ ರೇಡಿಯೋ, ನಿದ್ದೆ ಬಾರದ ಅಜ್ಜಿಯೊಬ್ಬರು ಹಾಡು ಶುರುವಾಗುತ್ತಲೇ ಗಾಯಕಿಯ ಹೆಸರು ಹೇಳುತ್ತಿದ್ದುದು. ಯಾವ ಕಾರ್ಯಕ್ರಮ, ಎಷ್ಟು ಹೊತ್ತಿಗೆ, ಅದು ನಿಂತರೆ ಯಾರಿಗೆ ಏನು ತಪ್ಪುತ್ತದೆ, ಇಷ್ಟು ಬರೆದು ಕೊನೆಗೆ ಒಂದೇ ಒಂದು ಸ್ಪಷ್ಟ ಬೇಡಿಕೆ ಇಡಿ.

‘ಇದರಿಂದೇನಾಗುತ್ತೆ?’ ಎನ್ನುವವರಿಗೆ ಬಿಬಿಸಿಯ 6 ಮ್ಯೂಸಿಕ್ ಎಂಬ ಸಂಗೀತ ರೇಡಿಯೋ ಕೇಂದ್ರದ ಕಥೆ ಹೇಳಿ. 2010ರ ಮಾರ್ಚ್‌ನಲ್ಲಿ ಆಡಳಿತ ಅದನ್ನು ಮುಚ್ಚಲು ಹೊರಟಿತ್ತು. ಕೇಳುಗರು ಬೀದಿಗಿಳಿದರು, ಸಾರ್ವಜನಿಕ ಅಭಿಪ್ರಾಯ ಕೇಳಿದಾಗ ರಾಶಿ ರಾಶಿ ಬರೆದರು. ಆ ಗದ್ದಲದ ನಡುವೆಯೇ ವಾರದ ಕೇಳುಗರ ಸಂಖ್ಯೆ 10 ಲಕ್ಷ ದಾಟಿತು. ಜುಲೈನಲ್ಲಿ, ಆಗ ಬಿಬಿಸಿಯ ಮೇಲುಸ್ತುವಾರಿ ನೋಡುತ್ತಿದ್ದ ಬಿಬಿಸಿ ಟ್ರಸ್ಟ್ ಆ ಪ್ರಸ್ತಾವವನ್ನು ತಳ್ಳಿಹಾಕಿತು.

ಆದ್ದರಿಂದ ಅಭಿಪ್ರಾಯ ಸಲ್ಲಿಸಲು ಅವಕಾಶವಿದ್ದರೆ ಕೊನೆಯ ದಿನಾಂಕವನ್ನು ಎಲ್ಲರಿಗೂ ತಿಳಿಸಿ. ಜಾಹೀರಾತು ಕೊಡುವವರನ್ನೂ ಕಂಡು ಮಾತಾಡಿ, ಅವರ ಒಂದು ಪತ್ರಕ್ಕೆ ಮಾಲೀಕರು ಬೇಗ ಕಿವಿಗೊಡುತ್ತಾರೆ. ಈ ನಡುವೆ ಕೇಂದ್ರವನ್ನು ದಿನವೂ ಕೇಳುತ್ತಿರಿ, ಫೋನ್ ಕಾರ್ಯಕ್ರಮಕ್ಕೆ ಕರೆ ಮಾಡುತ್ತಿರಿ.