ಕೋಲಾಟ ಮುಗಿದ ಮೇಲೆ ಸಣ್ಣ ತಪ್ಪುಗಳನ್ನು ಬಿಟ್ಟುಬಿಡುವ ಬಗೆ

ತುಮಕೂರು ಸೀಮೆಯ ಜಾತ್ರೆಗಳಲ್ಲಾಗಲಿ, ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಾಗಲಿ, ಕೋಲಾಟದ ತಂಡವನ್ನು ಮುನ್ನಡೆಸುವವರು ತಾಳ ಹಾಕುತ್ತಲೇ ಪದ ಎತ್ತಿಕೊಡಬೇಕು, ಮುಂದಿನ ಕೋಪಿಗೆ, ಅಂದರೆ ಮುಂದಿನ ಕುಣಿತದ ವಿನ್ಯಾಸಕ್ಕೆ, ಸನ್ನೆಯನ್ನೂ ಮಾಡಬೇಕು. ಇಷ್ಟನ್ನು ಒಬ್ಬರೇ ನಿಭಾಯಿಸುವಾಗ ಒಂದು ಸೊಲ್ಲು ಮರೆತುಹೋಗುವುದು, ಸನ್ನೆ ಅರೆಗಳಿಗೆ ತಡವಾಗುವುದು, ಲಯ ಏರಿಸುವ ಭರದಲ್ಲಿ ತುಸು ಓಡಿಸಿಬಿಡುವುದು ಸಹಜ. ಅದನ್ನೇ ರಾತ್ರಿಯೆಲ್ಲ ಮೆಲುಕು ಹಾಕುವವರು ಮುಂದಿನ ಸಲ ಅಂಜುತ್ತ ಸನ್ನೆ ಮಾಡುತ್ತಾರೆ. ಅಂಜಿದ ಸನ್ನೆಯನ್ನು ಕುಣಿಯುವವರು ಕೂಡಲೇ ಗುರುತಿಸುತ್ತಾರೆ.

ಮೊದಲು ತಪ್ಪನ್ನು ಅಳೆಯಿರಿ. ಆಟ ನಿಂತಿತೇ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿಕೊಂಡರೆ ಸಾಕು. ಒಳಸುತ್ತು ಒಂದು ಕಡೆಗೂ ಹೊರಸುತ್ತು ಇನ್ನೊಂದು ಕಡೆಗೂ ಸಾಗುವ ಕೋಪಿನಲ್ಲಿ ನಿಮ್ಮ ಸನ್ನೆ ತಡವಾಗಿ, ಒಂದು ಜೋಡಿಯ ಕೋಲು ಗಾಳಿಯಲ್ಲಿ ಬೀಸಿ, ಮರುಪೆಟ್ಟಿಗೆ ಎದುರಿನ ಕೋಲನ್ನು ಸೇರಿಕೊಂಡಿತೆಂದರೆ ಆ ತಪ್ಪು ಅಲ್ಲಿಗೇ ತೀರಿತು. ನೋಡುವವರ ಕಣ್ಣು ಇಡೀ ಸುತ್ತಿನ ಮೇಲಿರುತ್ತದೆ. ಜಡೆ ಕೋಲಾಟದ ಲೆಕ್ಕ ಮಾತ್ರ ಬೇರೆ. ಮೇಲಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಕುಣಿಯುತ್ತ ಹೆಣೆದು, ಅದೇ ಹೆಜ್ಜೆಗಳನ್ನು ಹಿಮ್ಮುಖವಾಗಿ ಹಾಕುತ್ತ ಬಿಚ್ಚಬೇಕಾದ್ದರಿಂದ, ಹೆಣೆಯುವಾಗ ಒಬ್ಬರು ಹೊರಗಿನಿಂದ ಹೋಗುವ ಬದಲು ಒಳಗಿನಿಂದ ನುಸುಳಿದರೂ ಬಿಚ್ಚುವಾಗ ಸಿಕ್ಕು ಎದುರಾಗುತ್ತದೆ. ಇಂಥದ್ದನ್ನು ಮರೆಯಬಾರದು, ಕೊರಗಲೂ ಬೇಕಿಲ್ಲ. ಯಾವ ತಿರುವಿನಲ್ಲಿ ಯಾವ ಬಣ್ಣದ ಹಗ್ಗ ತಪ್ಪಿತೆಂದು ಒಂದೇ ಸಾಲಿನಲ್ಲಿ ಬರೆದಿಟ್ಟು, ಮುಂದಿನ ತಾಲೀಮಿನಲ್ಲಿ ಆ ತಿರುವನ್ನಷ್ಟೇ ಪದವಿಲ್ಲದೆ ನಿಧಾನವಾಗಿ ನಡೆಸಿ. ಬರೆದಿಟ್ಟ ಮೇಲೆ ಅದನ್ನು ತಲೆಯಲ್ಲಿ ಹೊತ್ತು ತಿರುಗುವ ಅಗತ್ಯವಿಲ್ಲ.

ವೇದಿಕೆಯಿಂದ ಇಳಿದೊಡನೆ ಇಡೀ ತಂಡದ ಕ್ಷಮೆ ಕೇಳುವ ಅಭ್ಯಾಸ ನನ್ನ ಮಟ್ಟಿಗೆ ಸರಿಯಲ್ಲ. ಗೆಜ್ಜೆ ಬಿಚ್ಚುತ್ತ ನಗುತ್ತಿರುವವರಿಗೆ ಅವರು ಗಮನಿಸಿಯೇ ಇರದ ಕುಂದನ್ನು ತೋರಿಸಿದಂತಾಗುತ್ತದೆ. ನಿಮ್ಮ ಸನ್ನೆಯಿಂದ ಯಾರಾದರೂ ಎಡವಿದ್ದರೆ ಅವರೊಬ್ಬರನ್ನೇ ಕರೆದು, ‘ಅಲ್ಲಿ ನನ್ನ ಸನ್ನೆ ತಡವಾಯಿತು, ನಿಮ್ಮದೇನೂ ತಪ್ಪಿಲ್ಲ’ ಎಂದು ಹೇಳಿ. ಹೊಸಬರಿಗಂತೂ ಈ ಮಾತನ್ನು ಹೇಳಲೇಬೇಕು. ಇಲ್ಲವಾದರೆ ದೋಷ ತಮ್ಮದೇ ಎಂದುಕೊಂಡು ಅವರು ತಾಲೀಮಿಗೆ ಬರುವುದನ್ನೇ ಬಿಟ್ಟಾರು.

ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಅಂದೇ ರಾತ್ರಿ ನೋಡಬೇಡಿ. ಒಂದೆರಡು ದಿನ ಕಳೆಯಲಿ. ಆಮೇಲೆ ಮೊದಲು ಧ್ವನಿಯಿಲ್ಲದೆ ಸುತ್ತನ್ನಷ್ಟೇ ನೋಡಿ, ನಂತರ ಪರದೆಯನ್ನು ನೋಡದೆ ಕೋಲಿನ ಸದ್ದನ್ನಷ್ಟೇ ಕೇಳಿ. ನಿಮ್ಮನ್ನು ಕಾಡಿದ ತಪ್ಪು ಎರಡರಲ್ಲೂ ಸಿಗದಿದ್ದರೆ ಅದನ್ನು ಹುಡುಕಲು ಆ ವಿಡಿಯೋವನ್ನು ಮತ್ತೆ ತೆರೆಯಬೇಡಿ.