ಹಬ್ಬದ ಮ್ಯಾಚಿಂಗ್ ಬಟ್ಟೆ: ನಾನು ಶುರು ಮಾಡುವುದು ಚಿಕ್ಕವಳಿಂದ

ಹಬ್ಬಕ್ಕೆ ಮನೆಮಂದಿಯೆಲ್ಲ ಹೊಂದುವ ಬಟ್ಟೆ ಹಾಕಬೇಕೆಂಬುದು ನನಗೆ ಬಹಳ ಇಷ್ಟದ ವಿಷಯ. ಅದಕ್ಕೆ ನಾನು ಪಾಲಿಸುವ ಕ್ರಮ ಒಂದೇ. ಮೊದಲು ಚಿಕ್ಕ ಮಗಳ ಬಟ್ಟೆ, ಆಮೇಲೆ ಅವಳ ಅಣ್ಣನದು, ಕೊನೆಗೆ ನಮ್ಮಿಬ್ಬರದು. ಚುಚ್ಚಿದರೂ ಸೆಕೆಯಾದರೂ ದೊಡ್ಡವರು ಹೇಗೋ ತಡೆದುಕೊಳ್ಳುತ್ತೇವೆ. ಮಕ್ಕಳೂ ತಡೆದುಕೊಳ್ಳಲಿ ಎನ್ನುವುದು ಅನ್ಯಾಯ.

ಫ್ರಾಕು ಕೈಗೆ ಬಂದ ಕೂಡಲೇ ಒಳಮೈ ಹೊರಗೆ ಮಾಡುತ್ತೇನೆ. ಕುತ್ತಿಗೆ, ಕಂಕುಳು, ಸೊಂಟದ ಹೊಲಿಗೆಯನ್ನು ಮೊಣಕೈಯ ಒಳಮಗ್ಗುಲಿಗೆ ಉಜ್ಜಿ ನೋಡುತ್ತೇನೆ. ಅಂಗೈಗೆ ತಿಳಿಯದ ತರಿ ಅಲ್ಲಿ ತಿಳಿಯುತ್ತದೆ. ಚಮ್ಕಿ ಕೆಲಸವಿದ್ದರೆ ಒಳಗೆ ಮೆತ್ತನೆಯ ಹತ್ತಿ ಲೈನಿಂಗ್ ಇರಲೇಬೇಕು, ಇಲ್ಲದಿದ್ದರೆ ಹಾಕಿಸುತ್ತೇನೆ. ಕತ್ತಿನ ಲೇಬಲ್ಲನ್ನು ಕತ್ತರಿಯಿಂದ ಕತ್ತರಿಸಿದರೆ ಉಳಿದ ಮೊಂಡು ಅಂಚು ಇನ್ನೂ ಜಾಸ್ತಿ ಚುಚ್ಚುತ್ತದೆ, ಹಾಗಾಗಿ ಹೊಲಿಗೆಯನ್ನೇ ಬಿಚ್ಚಿ ತೆಗೆಯುತ್ತೇನೆ. ಕತ್ತಿನ ಸುತ್ತ ಕಟ್ಟುವ ದಾರ ಇರುವ ಬಟ್ಟೆಯನ್ನು ತರುವುದೇ ಇಲ್ಲ. ಎಲ್ಲಿಗಾದರೂ ಸಿಕ್ಕಿಕೊಂಡರೆ ಅಪಾಯ.

ಬಣ್ಣದಲ್ಲಿ ಹಠ ಬೇಡ. ಒಂದೇ ನೀಲಿ ಹತ್ತಿಯಲ್ಲಿ ಮಂಕಾಗಿ, ಸ್ಯಾಟಿನ್‌ನಲ್ಲಿ ಹೊಳೆಯುತ್ತಾ ಬೇರೆ ಬೇರೆಯಾಗೇ ಕಾಣುತ್ತದೆ. ಅಂಗಡಿಯ ದೀಪದಡಿ ಹೊಂದಿದ್ದು ಬಿಸಿಲಿಗೆ ತಂದರೆ ಹೊಂದದೆ ಹೋಗುವುದೂ ಉಂಟು. ಅದಕ್ಕೇ ಮಗಳಿಗೆ ಮೂರ್ನಾಲ್ಕು ಬಣ್ಣದ ಪ್ರಿಂಟ್ ಆರಿಸಿ, ಅದರೊಳಗಿನ ಒಂದೊಂದು ಬಣ್ಣವನ್ನು ಉಳಿದವರಿಗೆ ಹಂಚುತ್ತೇನೆ. ಒಂದೇ ಥಾನಿನಲ್ಲಿ ಎಲ್ಲರಿಗೂ ಹೊಲಿಸಿದ್ದಕ್ಕಿಂತ ಇದು ನನ್ನ ಕಣ್ಣಿಗೆ ಚೆಂದ. ಮುಂದೆ ಬಿಡಿಬಿಡಿಯಾಗಿಯೂ ಹಾಕಿಕೊಳ್ಳಬಹುದು.

ಲೇಬಲ್ಲಿನಲ್ಲಿ ಬರೆದ ವಯಸ್ಸನ್ನು ನಾನು ನಂಬುವುದಿಲ್ಲ. ಎದೆ, ಭುಜ, ಉದ್ದ ಅಳೆದೇ ಕೊಳ್ಳುವುದು. ಹೊಲಿಸುವ ಹತ್ತಿಬಟ್ಟೆಯನ್ನು ಮೊದಲೇ ನೀರಲ್ಲಿ ನೆನೆಸಿ ಒಣಗಿಸಿದರೆ ಆಮೇಲೆ ಕುಗ್ಗುವ ಭಯ ಕಡಿಮೆ. ಕೆಳಗಿನ ಮಡಿಕೆಯಲ್ಲಿ 2 ಇಂಚು ಉಳಿಸಿದರೆ ಮುಂದಿನ ವರ್ಷಕ್ಕೂ ಆದೀತು.

ಹಬ್ಬಕ್ಕೆ ಮುಂಚೆ ಒಮ್ಮೆ ತೊಡಿಸಿ ಮನೆಯಲ್ಲೇ ಆಡಲು ಬಿಡುತ್ತೇನೆ. ಓಡಲಿ, ಕುಕ್ಕರುಗಾಲಲ್ಲಿ ಕೂರಲಿ, ಕೈ ಮೇಲೆತ್ತಲಿ. ಮಗ ಬಾಯಿಬಿಟ್ಟು ಹೇಳುವವನಲ್ಲ. ಗದ್ದ ಮೇಲೆತ್ತಿ ಕಾಲರಿನೊಳಗೆ ಬೆರಳು ತೂರಿಸುತ್ತಾನೆ. ಅಷ್ಟು ಕಂಡರೆ ಸಾಕು, ಮೇಲಿನ ಗುಂಡಿಯನ್ನು ಸರಿಸಿ ಹೊಲಿಯುತ್ತೇನೆ. ಪ್ಯಾಂಟಿನ ಗುಂಡಿಯನ್ನು ತಾನೇ ಬಿಚ್ಚಿ ಹಾಕಿಕೊಳ್ಳಬಲ್ಲನೇ ಎಂಬುದನ್ನೂ ಆಗಲೇ ನೋಡುತ್ತೇನೆ. ಆಗದಿದ್ದರೆ ಎಲಾಸ್ಟಿಕ್ ಸೊಂಟವೇ ಸರಿ.

ಫೋಟೊ ತೆಗೆಯುವುದು ಬಟ್ಟೆ ಹಾಕಿದ ಕೂಡಲೇ, ಊಟಕ್ಕೆ ಮುಂಚೆ. ಅದೇ ಬಣ್ಣದ ಹಳೆಯ ಹತ್ತಿ ಅಂಗಿಗಳು ಚೀಲದಲ್ಲಿ ಇದ್ದೇ ಇರುತ್ತವೆ. ಮಗಳು ಸಾಕು ಅಂದ ತಕ್ಷಣ ಬದಲಿಸುತ್ತೇನೆ, ಇನ್ನೊಂದು ಗಳಿಗೆ ತಡಿ ಅನ್ನುವುದಿಲ್ಲ.