ತರಗತಿಯ ಚರ್ಚೆಯನ್ನು ಆನ್‌ಲೈನ್‌ನಲ್ಲಿ ನಡೆಸುವ ಬಗೆ

ದಾವಣಗೆರೆ, ಚಿತ್ರದುರ್ಗದ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಿಗೆ ವಾಟ್ಸಾಪ್ ಗುಂಪು ಹೊಸದೇನಲ್ಲ. ಆದರೆ ಪರೀಕ್ಷಾ ಶುಲ್ಕದ ಸುತ್ತೋಲೆ, ಹಬ್ಬದ ಶುಭಾಶಯ, ನೋಟ್ಸ್‌ನ ಪಿಡಿಎಫ್, ಬಸ್ಸು ತಪ್ಪಿತೆಂಬ ಸಬೂಬು ಎಲ್ಲವೂ ಒಂದೇ ಕಡೆ ಬಂದು ಬೀಳುವ ಗುಂಪಿನಲ್ಲಿ ಪಾಠದ ಚರ್ಚೆ ಬೆಳೆಯುವುದಿಲ್ಲ. ಆದುದರಿಂದ ಅಧ್ಯಾಪಕರು ಸೆಮಿಸ್ಟರಿನ ಆರಂಭದಲ್ಲಿಯೇ ಸೂಚನೆಗೊಂದು, ಚರ್ಚೆಗೊಂದು ಪ್ರತ್ಯೇಕ ಜಾಗವನ್ನು ಗೊತ್ತುಮಾಡಬೇಕು.

ಸೂಚನೆಗೆ ವಾಟ್ಸಾಪ್ ಸಾಕು. ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸುವಂತೆ ಅದರ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಿ. ಚರ್ಚೆಗೆ ಗೂಗಲ್ ಕ್ಲಾಸ್‌ರೂಮ್ ಅಥವಾ, ಕಾಲೇಜಿನಲ್ಲಿ ಸೌಲಭ್ಯವಿದ್ದರೆ, ಮೂಡಲ್ (ಎರಡೂ ಪಾಠ, ಪ್ರಶ್ನೋತ್ತರಗಳನ್ನು ಆನ್‌ಲೈನ್‌ನಲ್ಲಿ ನಡೆಸುವ ವೇದಿಕೆಗಳು) ಮೇಲು. ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರ ಮೊಬೈಲ್ ಸಂಖ್ಯೆಯೂ ಉಳಿದವರಿಗೆ ಸಿಗುತ್ತದೆ. ಅನೇಕ ವಿದ್ಯಾರ್ಥಿನಿಯರು ಗುಂಪಿನಲ್ಲಿ ಮೌನವಾಗಿರಲು ಇದೂ ಒಂದು ಕಾರಣವೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಕ್ಲಾಸ್‌ರೂಮ್‌ನಲ್ಲಿ ಸಹಪಾಠಿಗಳಿಗೆ ಈ ಸಂಖ್ಯೆ ಕಾಣುವುದಿಲ್ಲ.

ಚರ್ಚೆಯ ಗೆಲುವು ಸೋಲು ಬಹುಮಟ್ಟಿಗೆ ಪ್ರಶ್ನೆಯನ್ನು ಅವಲಂಬಿಸಿದೆ. ‘ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಐತಿಹಾಸಿಕ ಮಹತ್ವವನ್ನು ವಿವರಿಸಿ’ ಎಂದು ಕೇಳಿದರೆ ಗೈಡಿನ ಪುಟದ ಫೋಟೋ ಬರುತ್ತದೆ, ಅಷ್ಟೇ. ಅದರ ಬದಲು, ‘1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳಷ್ಟೇ ಅಲ್ಲದೆ ರೋಮನ್ ನಾಣ್ಯಗಳೂ ದೊರೆತಿವೆ, ಇದರಿಂದ ರೋಮನ್ ವರ್ತಕರೇ ಇಲ್ಲಿಗೆ ಬಂದಿದ್ದರೆಂದು ಹೇಳಬಹುದೇ?’ ಎಂದು ಕೇಳಿ ನೋಡಿ. ಹೌದೆಂದವರು ಆಧಾರ ಕೊಡಬೇಕಾಗುತ್ತದೆ; ಇಲ್ಲವೆಂದವರು ನಾಣ್ಯ ಇಲ್ಲಿಗೆ ತಲುಪಿದ ಬೇರೆ ದಾರಿಯನ್ನು ತೋರಿಸಬೇಕಾಗುತ್ತದೆ. ಕ್ಲಾಸ್‌ರೂಮ್‌ನಲ್ಲಿ ಇದನ್ನು ‘ಪ್ರಶ್ನೆ’ಯಾಗಿ ಸೇರಿಸಿ, ವಿದ್ಯಾರ್ಥಿಗಳು ಪರಸ್ಪರ ಉತ್ತರಿಸಬಹುದೆಂಬ ಆಯ್ಕೆಯನ್ನು ತೆರೆದಿಡಿ. ತಾನು ಉತ್ತರ ಬರೆದ ಮೇಲಷ್ಟೇ ಇತರರ ಉತ್ತರ ಕಾಣುವುದರಿಂದ ನಕಲಿಗೂ ಕಡಿವಾಣ ಬೀಳುತ್ತದೆ. ಮೂಡಲ್‌ನಲ್ಲಿಯೂ ಇಂಥದೇ ವ್ಯವಸ್ಥೆಯಿದೆ.

ಉತ್ತರಕ್ಕೆ ಒಂದು ವಾರವಾದರೂ ಕೊಡಿ. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆಯಿಂದ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ರಾತ್ರಿ ಎಂಟಕ್ಕೆ ಗೂಗಲ್ ಮೀಟ್‌ಗೆ ಬನ್ನಿ ಎನ್ನುವುದು ನ್ಯಾಯವಲ್ಲ. ನೇರ ಸಭೆಯನ್ನು ಕೊನೆಗೆ ಉಳಿದ ಸಂದೇಹಗಳಿಗಷ್ಟೇ ಇಟ್ಟುಕೊಳ್ಳಬಹುದು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತನ್ನು ಮೊದಲೇ ತಿಳಿಸಿರಬೇಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ವರ್ಡ್ ಕಡತವನ್ನು ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳ ಸಾಲು ಕಾಣುತ್ತದೆ. ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿಯೇ ಬರೆಯಲು ಹೇಳಿ. ಟೈಪಿಂಗ್ ಬಾರದವರು ಗೂಗಲ್‌ನ ಫೋನ್ ಕೀಲಿಮಣೆ ಜಿಬೋರ್ಡ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡು, ಮೈಕ್ ಒತ್ತಿ, ಹೇಳಿ ಬರೆಸಬಹುದು. ಒತ್ತಕ್ಷರಗಳನ್ನು ಮಾತ್ರ ಒಮ್ಮೆ ತಿದ್ದಬೇಕಾದೀತು.

ಮೊದಲ ಉತ್ತರ ಬಂದ ಕೂಡಲೇ ಮೇಷ್ಟ್ರು ‘ಇದು ಸರಿ’ ಎಂದುಬಿಟ್ಟರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಎರಡು ದಿನ ಸುಮ್ಮನಿದ್ದು, ಬಳಿಕ ಒಂದಕ್ಕೊಂದು ಒಪ್ಪದ ಎರಡು ಉತ್ತರಗಳನ್ನು ಆರಿಸಿ, ಅವರಿಬ್ಬರಿಗೂ ಒಂದೊಂದು ಮರುಪ್ರಶ್ನೆ ಹಾಕಿ, ಅದೇ ವಿಷಯವನ್ನು ಮುಂದಿನ ತರಗತಿಯಲ್ಲಿ ಎತ್ತಿಕೊಳ್ಳುವುದು ಒಳ್ಳೆಯದು. ಆಂತರಿಕ ಅಂಕದ ಪಟ್ಟಿಯನ್ನಂತೂ ಗುಂಪಿನಲ್ಲಿ ಹಾಕಬೇಡಿ. ಅದನ್ನು ಅವರವರಿಗೇ ತಿಳಿಸಿ.

ಸೆಮಿಸ್ಟರ್ ಮುಗಿದ ಮೇಲೆ ಕ್ಲಾಸ್‌ರೂಮ್ ಅನ್ನು ಅಳಿಸದೆ ಆರ್ಕೈವ್ ಮಾಡಿ, ಅಂದರೆ ಹಾಗೆಯೇ ಕಾಪಿಟ್ಟುಕೊಳ್ಳಿ. ಹೊಸದಾಗಿ ಬರೆಯಲು ಆಗದಿದ್ದರೂ ವಿದ್ಯಾರ್ಥಿಗಳು ಪರೀಕ್ಷೆಯ ಓದಿಗೆ ಹಳೆಯ ಉತ್ತರಗಳನ್ನು ತೆರೆದು ನೋಡಬಹುದು.